ಸ್ಪೀಕರಿನ ಹಿಂದಿನ ಕಪ್ಪು ಬಳೆ: ಫೆರೈಟ್ ಉಂಗುರ ಅಯಸ್ಕಾಂತದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಸ್ಪೀಕರ್ ರಿಪೇರಿಗೆ ಬಂದವರು, ಶಾಲೆಯ ವಿಜ್ಞಾನ ಪ್ರದರ್ಶನಕ್ಕೆ ಸಾಮಾನು ಹುಡುಕುವ ಅಪ್ಪ ಅಮ್ಮಂದಿರು, ಐಟಿಐ ವಿದ್ಯಾರ್ಥಿಗಳು, ಅಕ್ಕಿ ಗಿರಣಿಯವರು ಹೀಗೆ ಬೇರೆ ಬೇರೆಯವರು ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಸುಲಭದವು ಮೊದಲು, ಲೆಕ್ಕಾಚಾರದವು ಕೊನೆಗೆ. ನಿಮಗೆ ಬೇಕಾದ ಪ್ರಶ್ನೆಯನ್ನು ಮಾತ್ರ ಓದಿಕೊಂಡರೂ ಉತ್ತರ ಪೂರ್ತಿ ಸಿಗುತ್ತದೆ.

## ಮೊದಲ ಪರಿಚಯ

ಹಳೆಯ ಸ್ಪೀಕರ್ ಬಿಚ್ಚಿದಾಗ ಸಿಗುವ ಕಪ್ಪು ಮ್ಯಾಗ್ನೆಟ್ ಕಬ್ಬಿಣದ್ದೋ, ಕಲ್ಲಿನದ್ದೋ?

ಎರಡೂ ಅಲ್ಲ, ಒಂದರ್ಥದಲ್ಲಿ ಎರಡೂ ಹೌದು. ಅದು ಕಬ್ಬಿಣದ ಆಕ್ಸೈಡನ್ನು, ಅಂದರೆ ಶುದ್ಧ ಮಾಡಿದ ತುಕ್ಕನ್ನು, ಸ್ಟ್ರಾನ್ಷಿಯಂ ಅಥವಾ ಬೇರಿಯಂ ಕಾರ್ಬೊನೇಟ್ ಜೊತೆ ಬೆರೆಸಿ ಸುಟ್ಟು ಮಾಡಿದ ಸೆರಾಮಿಕ್. ಅದಕ್ಕೇ ಅಂಗಡಿಯಲ್ಲಿ ಕೆಲವರು ಸೆರಾಮಿಕ್ ಮ್ಯಾಗ್ನೆಟ್ ಎನ್ನುತ್ತಾರೆ, ಕೆಲವರು ಫೆರೈಟ್ ಎನ್ನುತ್ತಾರೆ, ವಸ್ತು ಒಂದೇ. ಸ್ಟ್ರಾನ್ಷಿಯಂ ಫೆರೈಟಿನಲ್ಲಿ ಒಂದು ಸ್ಟ್ರಾನ್ಷಿಯಂ ಪರಮಾಣುವಿಗೆ ಹನ್ನೆರಡು ಕಬ್ಬಿಣ, ಹತ್ತೊಂಬತ್ತು ಆಮ್ಲಜನಕ. ಬೆರಕೆಯ ತೂಕದಲ್ಲಿ ನೂರಕ್ಕೆ ಸುಮಾರು 87 ಭಾಗ ಕಬ್ಬಿಣದ ಆಕ್ಸೈಡೇ. ಆಗಲೇ ತುಕ್ಕಾಗಿರುವುದಕ್ಕೆ ಮತ್ತೆ ತುಕ್ಕು ಹಿಡಿಯುವುದು ಹೇಗೆ? ಹಾಗಾಗಿ ಬಣ್ಣವಿಲ್ಲದೆ, ಲೇಪನವಿಲ್ಲದೆ ಕರಾವಳಿಯ ಉಪ್ಪು ಗಾಳಿಯಲ್ಲೂ ವರ್ಷಗಟ್ಟಲೆ ಹಾಗೇ ಇರುತ್ತದೆ. ಸ್ಪೀಕರಿನಲ್ಲಿ ತುಕ್ಕು ಕಂಡರೆ ಅದು ಮ್ಯಾಗ್ನೆಟ್ಟಿನ ಮೇಲೆ ಕೆಳಗೆ ಇರುವ ಉಕ್ಕಿನ ತಟ್ಟೆಯದು.

ಇದನ್ನು ಯಾರು ಕಂಡುಹಿಡಿದರು?

ಫೆರೈಟ್ ಕುಟುಂಬದ ಕಥೆ ಜಪಾನಿನಲ್ಲಿ ಶುರುವಾಗುತ್ತದೆ. ಟೋಕಿಯೊ ತಾಂತ್ರಿಕ ವಿದ್ಯಾಲಯದ ಯೊಗೊರೊ ಕಾಟೊ ಮತ್ತು ತಾಕೆಶಿ ತಾಕೆಯಿ 1930ರ ಸುಮಾರಿಗೆ ಕಾಂತತ್ವವುಳ್ಳ ಆಕ್ಸೈಡುಗಳನ್ನು ತಯಾರಿಸಿದರು. ಅದನ್ನು ಮಾರುಕಟ್ಟೆಗೆ ತರಲೆಂದೇ 1935ರಲ್ಲಿ ಟಿಡಿಕೆ ಕಂಪನಿ ಹುಟ್ಟಿತು. ಕ್ಯಾಸೆಟ್ ಕಾಲದವರಿಗೆ ಆ ಹೆಸರು ಗೊತ್ತೇ ಇರುತ್ತದೆ. ಆದರೆ ಇವತ್ತು ನಿಮ್ಮ ಕೈಯಲ್ಲಿರುವ ಗಟ್ಟಿ ಫೆರೈಟ್, ಅಂದರೆ ಕಾಂತತ್ವವನ್ನು ಉಳಿಸಿಕೊಳ್ಳುವ ಬಗೆ, ಬಂದದ್ದು ನೆದರ್ಲೆಂಡ್ಸಿನ ಐಂಡ್‌ಹೋವನ್ ನಗರದ ಫಿಲಿಪ್ಸ್ ಪ್ರಯೋಗಾಲಯದಿಂದ. ಅಲ್ಲಿನ ತಂಡ 1952ರಲ್ಲಿ ಬೇರಿಯಂ ಫೆರೈಟನ್ನು ಫೆರಾಕ್ಸ್‌ಡ್ಯೂರ್ ಎಂಬ ಹೆಸರಿನಲ್ಲಿ ಪ್ರಕಟಿಸಿತು. 1960ರ ದಶಕದಲ್ಲಿ ಬೇರಿಯಂ ಜಾಗಕ್ಕೆ ಸ್ಟ್ರಾನ್ಷಿಯಂ ಬಂದು ಗುಣ ಇನ್ನಷ್ಟು ಸುಧಾರಿಸಿತು.

ಸ್ಪೀಕರ್ ಲೋಕಕ್ಕೆ ಇದು ನುಗ್ಗಿದ್ದು ಮಾತ್ರ ಯುದ್ಧದ ಕಾರಣಕ್ಕೆ. ಅಲ್ಲಿಯವರೆಗೆ ಒಳ್ಳೆಯ ಸ್ಪೀಕರಿಗೆ ಅಲ್ನಿಕೊ ಎಂಬ ಮಿಶ್ರಲೋಹದ ಅಯಸ್ಕಾಂತವೇ ಬೇಕಿತ್ತು, ಅದಕ್ಕೆ ಕೋಬಾಲ್ಟ್ ಬೇಕಿತ್ತು, ಕೋಬಾಲ್ಟಿಗೆ ಆಗಿನ ಜೈರ್, ಅಂದರೆ ಈಗಿನ ಕಾಂಗೋ ದೇಶ ಬೇಕಿತ್ತು. 1978ರಲ್ಲಿ ಅಲ್ಲಿನ ಶಾಬಾ ಗಣಿ ಪ್ರಾಂತ್ಯದಲ್ಲಿ ದಂಗೆಯಾಗಿ ಕೋಬಾಲ್ಟ್ ಬೆಲೆ ಆಕಾಶಕ್ಕೇರಿತು. ದೊಡ್ಡ ದೊಡ್ಡ ಸ್ಪೀಕರ್ ಕಂಪನಿಗಳೂ ಕಪ್ಪು ಉಂಗುರಕ್ಕೆ ತಿರುಗಿದವು.

ನಡುವೆ ತೂತು ಏಕೆ? ಸಾಮಾನು ಉಳಿಸಲಿಕ್ಕೋ?

ಅಲ್ಲ. ತೂತಿನಲ್ಲಿ ಏನೋ ಒಂದು ಇರಬೇಕಾಗುತ್ತದೆ: ಸ್ಪೀಕರಿನಲ್ಲಿ ಉಕ್ಕಿನ ಕಂಬ, ಪಂಪಿನಲ್ಲಿ ಅಚ್ಚು, ಮೈಕ್ರೋವೇವ್ ಒಲೆಯಲ್ಲಿ ಅಲೆ ಹುಟ್ಟಿಸುವ ಮ್ಯಾಗ್ನೆಟ್ರಾನ್ ಎಂಬ ಭಾಗದಲ್ಲಿ ಎಲೆಕ್ಟ್ರಾನ್ ಹೊಮ್ಮುವ ನಳಿಗೆಯ ತುದಿ. ಬರೀ ಅಂಟಿಸುವ ಕೆಲಸಕ್ಕಾದರೆ ಬಿಲ್ಲೆಯೇ ಸಾಕು.

ತೂತಿನಿಂದ ಒಂದು ವಿಚಿತ್ರವೂ ಆಗುತ್ತದೆ. ಮುಖದಿಂದ ಮುಖಕ್ಕೆ ಕಾಂತೀಕರಿಸಿದ ಉಂಗುರದ ತೂತಿನ ಒಳಗೆ ಕಾಂತಕ್ಷೇತ್ರ ಉಲ್ಟಾ ದಿಕ್ಕಿನಲ್ಲಿರುತ್ತದೆ. ಅಕ್ಷದ ಮೇಲೆ ದೂರ ಹೋದರೆ ಸರಿ ದಿಕ್ಕಿಗೆ ಬರುತ್ತದೆ. ಅಂದಮೇಲೆ ನಡುವೆ ಎಲ್ಲೋ ಒಂದು ಕಡೆ ಕ್ಷೇತ್ರ ಸೊನ್ನೆಯಾಗಲೇಬೇಕು. ಉಂಗುರದ ಎರಡೂ ಬದಿಯಲ್ಲಿ ಅಂಥ ಒಂದೊಂದು ಜಾಗ ಇದೆ. ಪುಟ್ಟ ದಿಕ್ಸೂಚಿಯನ್ನು ಉಂಗುರದ ನಡುಗೆರೆಯಲ್ಲಿ ನಿಧಾನವಾಗಿ ಹತ್ತಿರ ತನ್ನಿ, ಒಂದು ಹಂತದಲ್ಲಿ ಮುಳ್ಳು ತಡವರಿಸಿ ಹಿಂದುಮುಂದಾಗುತ್ತದೆ. ಸೈಕಲ್ ಬೇರಿಂಗಿನ ಗುಂಡನ್ನು ಉಂಗುರದ ಮೇಲೆ ಬಿಟ್ಟರೆ ಅದು ತೂತಿನ ನಡುವೆ ನಿಲ್ಲದೆ ಅಂಚಿಗೆ ಹೋಗಿ ಕಚ್ಚಿಕೊಳ್ಳುವುದೂ ಅಂಚಿನಲ್ಲಿ ಕ್ಷೇತ್ರ ಹೆಚ್ಚಿರುವುದರಿಂದಲೇ.

ಉತ್ತರ ಯಾವ ಕಡೆ, ದಕ್ಷಿಣ ಯಾವ ಕಡೆ? ಬಣ್ಣವೇ ಹಚ್ಚಿಲ್ಲವಲ್ಲ!

ಸ್ಪೀಕರಿನ ಉಂಗುರದಲ್ಲಿ ಚಪ್ಪಟೆ ಮುಖಗಳೇ ಧ್ರುವಗಳು. ಉಂಗುರವನ್ನು ದಾರದಲ್ಲಿ, ಮುಖ ಗೋಡೆಯ ಹಾಗೆ ನೆಟ್ಟಗಿರುವಂತೆ ತೂಗುಹಾಕಿ, ಹತ್ತಿರ ಕಬ್ಬಿಣದ ಮಂಚ ಬೀರು ಇಲ್ಲದ ಕಡೆ ಬಿಡಿ. ಅದು ನಿಂತಾಗ ಉತ್ತರ ದಿಕ್ಕನ್ನು ನೋಡುವ ಮುಖವೇ ಉತ್ತರ ಧ್ರುವ. ಸೀಮೆಸುಣ್ಣದಲ್ಲಿ ಒಂದು ಗೆರೆ ಎಳೆದಿಟ್ಟುಕೊಂಡರೆ ಮಿಕ್ಕ ಉಂಗುರಗಳನ್ನೆಲ್ಲ ಇದರ ಎದುರು ಹಿಡಿದು ಗುರುತಿಸಬಹುದು. ಡೈನಮೋ, ಫ್ಯಾನುಗಳ ಉಂಗುರದಲ್ಲಿ ಈ ಉಪಾಯ ನಡೆಯುವುದಿಲ್ಲ. ಅವುಗಳ ಧ್ರುವಗಳು ಸುತ್ತಂಚಿನಲ್ಲಿ ಒಂದರ ಪಕ್ಕ ಒಂದು ಇರುತ್ತವೆ.

ನಿಯೋಡಿಮಿಯಂ ಬಂದ ಮೇಲೆ ಇದು ಯಾರಿಗೆ ಬೇಕು?

ಬಲದಲ್ಲಿ ಹೋಲಿಕೆಯೇ ಇಲ್ಲ, ಒಪ್ಪುತ್ತೇನೆ. ಅಯಸ್ಕಾಂತದ ಕಸುವನ್ನು ಅಳೆಯುವ ಶಕ್ತಿ ಗುಣಲಬ್ಧ ಎಂಬ ಅಳತೆಯಲ್ಲಿ ಒಳ್ಳೆಯ ಫೆರೈಟ್ 3.5ರ ಆಸುಪಾಸು, ನಿಯೋಡಿಮಿಯಂ 35ರಿಂದ 52. ಹತ್ತು ಹದಿನೈದು ಪಟ್ಟು. ಆದರೆ ಫೆರೈಟಿನ ಕಚ್ಚಾವಸ್ತು ಅಗ್ಗ, ನಿಯೋಡಿಮಿಯಂ ಹಾಗಲ್ಲ. ನಿಯೋಡಿಮಿಯಂಗೆ ನಿಕಲ್ ಲೇಪನ ಕಿತ್ತರೆ ತುಕ್ಕು. ಸಾಮಾನ್ಯ ದರ್ಜೆಯದು 80 ಡಿಗ್ರಿ ದಾಟಿದರೆ ಸೋಲತೊಡಗುತ್ತದೆ. ಫೆರೈಟ್ 250 ಡಿಗ್ರಿ ಸೆಲ್ಸಿಯಸ್‌ವರೆಗೂ ಕೆಲಸ ಮಾಡುತ್ತದೆ. ಜಾಗ ಇಕ್ಕಟ್ಟಾಗಿರುವ ಮೊಬೈಲ್, ಇಯರ್‌ಫೋನುಗಳಲ್ಲಿ ನಿಯೋಡಿಮಿಯಂ ಇರಲಿ. ಜಾಗ ಇದೆ, ತೂಕ ಹೆಚ್ಚಾದರೂ ನಡೆಯುತ್ತದೆ, ಹತ್ತಾರು ವರ್ಷ ಬಾಳಬೇಕು ಎನ್ನುವ ಕಡೆ ಕಪ್ಪು ಉಂಗುರವನ್ನು ಬಿಟ್ಟು ಬೇರೆಯದನ್ನು ಹಾಕುವುದು ದುಡ್ಡು ದಂಡ ಎಂದೇ ನನ್ನ ಅಭಿಪ್ರಾಯ.

## ಮನೆಯಲ್ಲಿ, ಶಾಲೆಯಲ್ಲಿ

ನಮ್ಮ ಮನೆಯಲ್ಲಿ ಸ್ಪೀಕರ್ ಬಿಟ್ಟು ಬೇರೆ ಎಲ್ಲಿದೆ ಇದು?

ಎಣಿಸಿದರೆ ಬೆರಳು ಸಾಲುವುದಿಲ್ಲ. ಮಿಕ್ಸಿಯಲ್ಲಿ ಹುಡುಕಬೇಡಿ, ಅದರ ಮೋಟಾರಿನಲ್ಲಿ ಅಯಸ್ಕಾಂತವೇ ಇರುವುದಿಲ್ಲ. ಫ್ರಿಜ್ಜಿನ ಬಾಗಿಲಿನ ರಬ್ಬರಿನೊಳಗೆ ಫೆರೈಟ್ ಪುಡಿ ಬೆರೆಸಿದ ಪಟ್ಟಿ ಇದೆ. ನೀರಿನ ಮೀಟರಿನಲ್ಲಿ ಒದ್ದೆ ಕೋಣೆಯ ಚಕ್ರದಿಂದ ಒಣ ಕೋಣೆಯ ಅಂಕಿಗಳಿಗೆ ತಿರುಗುವಿಕೆಯನ್ನು ದಾಟಿಸಲು ಎದುರುಬದುರು ಎರಡು ಮ್ಯಾಗ್ನೆಟ್ ಇರುತ್ತವೆ; ನಡುವಿನ ಗೋಡೆಗೆ ತೂತು ಕೊರೆಯುವ ಅಗತ್ಯವೇ ಬರುವುದಿಲ್ಲ. ಸೈಕಲ್ ಡೈನಮೋ ಬಿಚ್ಚಿದರೆ ಗಾಲಿಗೆ ತಾಗಿ ತಿರುಗುವ ಅಚ್ಚಿನ ತುದಿಯಲ್ಲಿ ಕಪ್ಪು ಮ್ಯಾಗ್ನೆಟ್ ಸಿಗುತ್ತದೆ.

ನನಗೆ ಇಷ್ಟವಾದದ್ದು ಮೈಕ್ರೋವೇವ್ ಒಲೆಯ ತಿರುಗುವ ತಟ್ಟೆ. ಒಮ್ಮೆ ಬಲಕ್ಕೆ, ಇನ್ನೊಮ್ಮೆ ಎಡಕ್ಕೆ ತಿರುಗುವುದನ್ನು ನೋಡಿ ಹಲವರು ಕೆಟ್ಟಿದೆ ಎಂದುಕೊಳ್ಳುತ್ತಾರೆ. ತಟ್ಟೆಯ ಕೆಳಗಿನ ಪುಟ್ಟ ಮೋಟಾರಿನಲ್ಲಿ ಸುತ್ತಂಚಿನ ತುಂಬ ಧ್ರುವಗಳಿರುವ ಫೆರೈಟ್ ಉಂಗುರವಿದೆ. ಕರೆಂಟಿನ ದಿಕ್ಕು ಸೆಕೆಂಡಿಗೆ 50 ಆವರ್ತ ಬದಲಾಗುವಾಗ ಉಂಗುರ ಅದರ ಹೆಜ್ಜೆಗೆ ಹೆಜ್ಜೆ ಹಾಕುತ್ತದೆ. ಸ್ವಿಚ್ ಹಾಕಿದ ಗಳಿಗೆಯಲ್ಲಿ ಧ್ರುವಗಳು ಎಲ್ಲಿ ನಿಂತಿದ್ದವು, ಅಲೆ ಯಾವ ಹಂತದಲ್ಲಿತ್ತು ಎಂಬುದರ ಮೇಲೆ ದಿಕ್ಕು ನಿರ್ಧಾರವಾಗುತ್ತದೆ. ಏರ್ ಕೂಲರಿನ ಅಗ್ಗದ ಪಂಪಿನದೂ ಇದೇ ಕಥೆ: ಎಡಕ್ಕೆ ಬಲಕ್ಕೆ ಎತ್ತ ತಿರುಗಿದರೂ ನೀರು ಎತ್ತಲಿ ಎಂದು ಅದರ ರೆಕ್ಕೆಗಳನ್ನು ಬಾಗಿಸದೆ ನೆಟ್ಟಗೆ ಇಟ್ಟಿರುತ್ತಾರೆ.

ಮಗಳ ವಿಜ್ಞಾನ ಪ್ರದರ್ಶನಕ್ಕೆ ಕೋಲಿನ ಮೇಲೆ ಉಂಗುರಗಳನ್ನು ತೇಲಿಸಿದ್ದೇವೆ. ಮೇಲಿನ ಸಂದು ದೊಡ್ಡದು, ಕೆಳಗಿನದು ಚಿಕ್ಕದು. ಕೆಳಗಿನ ಮ್ಯಾಗ್ನೆಟ್ ಕೆಟ್ಟಿದೆಯೇ?

ಕೆಟ್ಟಿಲ್ಲ, ಭಾರ ಹೊತ್ತಿದೆ. ಐದು ಉಂಗುರಗಳಿದ್ದರೆ ಎಲ್ಲಕ್ಕಿಂತ ಕೆಳಗಿನ ಸಂದು ಮೇಲಿನ ನಾಲ್ಕರ ತೂಕ ಹೊರಬೇಕು, ಮೇಲಿನ ಸಂದು ಒಂದರದ್ದು ಮಾತ್ರ. ಹತ್ತಿರ ಬಂದಷ್ಟೂ ತಳ್ಳುವ ಬಲ ಹೆಚ್ಚುವುದರಿಂದ ಹೆಚ್ಚು ಭಾರ ಹೊತ್ತದ್ದು ಹೆಚ್ಚು ಕುಗ್ಗುತ್ತದೆ. ಉಂಗುರಗಳನ್ನು ಅದಲುಬದಲು ಮಾಡಿ ನೋಡಿ, ಸಂದುಗಳು ಹಾಗೇ ಇರುತ್ತವೆ. ಕೋಲನ್ನು ಓರೆ ಮಾಡಿದರೆ ಎಲ್ಲ ಸಂದುಗಳೂ ಅಗಲವಾಗುತ್ತವೆ.

ತೀರ್ಪುಗಾರರ ಗಮನ ಸೆಳೆಯಬೇಕಾದರೆ ಇಡೀ ಕೋಲನ್ನು ಅಡುಗೆಮನೆಯ ಡಿಜಿಟಲ್ ತಕ್ಕಡಿಯ ಮೇಲಿಡಿ. ತಕ್ಕಡಿಗೆ ತಾಗಬಾರದೆಂದು ಕೆಳಗೆ ದಪ್ಪ ಮರದ ಹಲಗೆ ಇರಲಿ, ಇಲ್ಲವಾದರೆ ಮ್ಯಾಗ್ನೆಟ್ ತಕ್ಕಡಿಯ ಲೆಕ್ಕ ಕೆಡಿಸುತ್ತದೆ. ಉಂಗುರಗಳು ತೇಲುತ್ತಿದ್ದರೂ ತಕ್ಕಡಿ ಅಷ್ಟೂ ಉಂಗುರಗಳ ತೂಕವನ್ನು ತೋರಿಸುತ್ತದೆ. ತೇಲುವವು ತೂಕ ಕಳೆದುಕೊಂಡಿಲ್ಲ, ಕೆಳಗಿನದರ ಮೂಲಕ ಹಲಗೆಗೆ ದಾಟಿಸಿವೆ. ದೊಡ್ಡವರೂ ಇಲ್ಲಿ ಒಂದು ಕ್ಷಣ ಯೋಚಿಸುತ್ತಾರೆ.

ಕೋಲು ತೆಗೆದು ಹಾಗೇ ತೇಲಿಸಬಹುದೇ?

ಆಗುವುದಿಲ್ಲ. ಉಂಗುರ ಪಕ್ಕಕ್ಕೆ ಜಾರುತ್ತದೆ ಅಥವಾ ಮಗುಚಿ ಅಂಟಿಕೊಳ್ಳುತ್ತದೆ. ನಿಶ್ಚಲ ಅಯಸ್ಕಾಂತಗಳಿಂದಷ್ಟೇ ಸ್ಥಿರವಾಗಿ ತೇಲಿಸುವುದು ಅಸಾಧ್ಯ ಎಂದು ಸ್ಯಾಮುಯೆಲ್ ಅರ್ನ್‌ಷಾ 1842ರಲ್ಲೇ ಗಣಿತದಿಂದ ತೋರಿಸಿದ್ದಾನೆ. ಆದರೆ ಮಗುಚದಂತೆ ತಿರುಗಿಸಿದರೆ? ಲೆವಿಟ್ರಾನ್ ಎಂಬ ಆಟಿಕೆ ಹೀಗೇ ನಡೆಯುವುದು. ಕೆಳಗೆ ಫೆರೈಟ್ ಬುಡ, ಮೇಲೆ ಫೆರೈಟ್ ಉಂಗುರವಿರುವ ಬುಗುರಿ. ಬುಗುರಿಯ ವೇಗ ನಿಮಿಷಕ್ಕೆ ಸಾವಿರ ಸುತ್ತಿನ ಆಸುಪಾಸಿಗೆ ಇಳಿದರೆ ಬೀಳುತ್ತದೆ. ಬೆಳಿಗ್ಗೆ ತೇಲಿದ್ದು ಮಧ್ಯಾಹ್ನ ತೇಲದಿದ್ದರೆ ಕೈಚಳಕದ ತಪ್ಪಲ್ಲ: ಫೆರೈಟಿನ ಬಲ ಒಂದು ಡಿಗ್ರಿಗೆ ನೂರಕ್ಕೆ 0.2 ಭಾಗದಂತೆ ಇಳಿಯುತ್ತದೆ, ಬುಗುರಿಯ ಮೇಲಿನ ಪುಟ್ಟ ವಾಷರ್ ಒಂದನ್ನು ತೆಗೆದು ಹಗುರ ಮಾಡಬೇಕು.

ಹೊಳೆಯ ಮರಳಿನಲ್ಲಿ ಎಳೆದರೆ ಅಂಟುವ ಕರಿ ಪುಡಿ ಕಬ್ಬಿಣವೇ?

ಹೆಚ್ಚಿನದು ಮ್ಯಾಗ್ನೆಟೈಟ್, ಪ್ರಕೃತಿಯೇ ಮಾಡಿಟ್ಟ ಕಬ್ಬಿಣದ ಆಕ್ಸೈಡ್. ಕುದುರೆಮುಖದಲ್ಲಿ 2005ರ ಕೊನೆಯವರೆಗೆ ಅಗೆದದ್ದು ಇದೇ ಅದಿರನ್ನು. ಉಂಗುರವನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಮರಳಿಗಿಳಿಸಿ. ಬರಿಯ ಉಂಗುರಕ್ಕೆ ಪುಡಿ ಅಂಟಿದರೆ ತೆಗೆಯುವುದು ದೊಡ್ಡ ಫಜೀತಿ.

ಪಾತ್ರೆ ಇಂಡಕ್ಷನ್ ಒಲೆಗೆ ಆಗುತ್ತದೆಯೇ, ಚಿನ್ನ ಅಸಲಿಯೇ ಎಂದು ಇದರಿಂದ ನೋಡಬಹುದೇ?

ಪಾತ್ರೆಗೆ ಒಳ್ಳೆಯ ಪರೀಕ್ಷೆ. ತಳಕ್ಕೆ ಉಂಗುರ ಗಟ್ಟಿಯಾಗಿ ಕಚ್ಚಿದರೆ ಒಲೆಯ ಮೇಲೆ ನಡೆಯುತ್ತದೆ. ಅಡುಗೆಮನೆಯ 304 ದರ್ಜೆಯ ಸ್ಟೀಲಿಗೆ ಕಚ್ಚುವುದಿಲ್ಲ, 430 ದರ್ಜೆಗೆ ಕಚ್ಚುತ್ತದೆ. ಅಂಟದಿದ್ದರೆ ಸ್ಟೀಲ್ ಕಳಪೆ ಎಂದು ತಿಳಿಯಬೇಡಿ. ಚಿನ್ನದ ಮಾತು ಬೇರೆ. ಅಂಟಿದರೆ ಒಳಗೆ ಕಬ್ಬಿಣ ಅಥವಾ ನಿಕಲ್‌ನಂಥ ಬೇರೆ ಲೋಹ ಇದೆ ಎಂದಂತೂ ಖಚಿತ. ಅಂಟದಿದ್ದರೆ ಏನೂ ಸಾಬೀತಾಗುವುದಿಲ್ಲ, ತಾಮ್ರ ಹಿತ್ತಾಳೆಗಳೂ ಅಂಟುವುದಿಲ್ಲ.

ಎಟಿಎಂ ಕಾರ್ಡ್, ಮೊಬೈಲ್ ಹಾಳಾಗುತ್ತವೆಯೇ?

ಬ್ಯಾಂಕ್ ಕಾರ್ಡಿನ ಕಪ್ಪು ಪಟ್ಟಿಯಲ್ಲಿರುವುದೂ ಬೇರಿಯಂ ಫೆರೈಟ್ ಕಣಗಳೇ. ಅವುಗಳ ಬರಹ ಅಳಿಸಲು ಸುಮಾರು 3,000 ಓರ್ಸ್ಟೆಡ್ (ಕಾಂತಕ್ಷೇತ್ರದ ಒಂದು ಅಳತೆ) ಕ್ಷೇತ್ರ ಬೇಕು. ಉಂಗುರದ ಮೇಲ್ಮೈಯಲ್ಲಿ ಸಿಗುವುದು ಸಾವಿರದ ಆಸುಪಾಸು. ಚಿಪ್ಪಿಗಂತೂ ಏನೂ ಆಗುವುದಿಲ್ಲ. ಹೋಟೆಲ್ ಕೋಣೆಯ ಕಾಂತಪಟ್ಟಿ ಕಾರ್ಡು ಮಾತ್ರ 300 ಓರ್ಸ್ಟೆಡ್ಡಿಗೇ ಅಳಿಸಿಹೋಗಬಹುದು. ಮೊಬೈಲಿನ ದಿಕ್ಸೂಚಿ ಸ್ವಲ್ಪ ಹೊತ್ತು ದಾರಿ ತಪ್ಪುತ್ತದೆ, ಫೋನನ್ನು ಗಾಳಿಯಲ್ಲಿ ಎಂಟರ ಆಕಾರದಲ್ಲಿ ಆಡಿಸಿದರೆ ಸರಿಹೋಗುತ್ತದೆ. ಹಳೆಯ ಕ್ಯಾಸೆಟ್ಟುಗಳಿದ್ದರೆ ಅವನ್ನು ದೂರ ಇಡಿ.

ಪೆಟ್ರೋಲ್ ಪೈಪಿಗೆ ಕಟ್ಟಿದರೆ ಮೈಲೇಜ್, ನೀರಿನ ಪೈಪಿಗೆ ಕಟ್ಟಿದರೆ ಗಡಸು ಕಡಿಮೆ, ಮಂಡಿಗೆ ಕಟ್ಟಿದರೆ ನೋವು ಮಾಯ ಎನ್ನುತ್ತಾರಲ್ಲ?

ಎನ್ನುತ್ತಾರೆ, ಮಾರುತ್ತಾರೆ ಕೂಡ. ಪೆಟ್ರೋಲ್ ಅಯಸ್ಕಾಂತಕ್ಕೆ ಹೇಳಿಕೊಳ್ಳುವಂತೆ ಸ್ಪಂದಿಸುವ ವಸ್ತುವೇ ಅಲ್ಲ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಇಂಥ ಸಾಧನಗಳನ್ನು ಪರೀಕ್ಷಿಸಿ ಮೈಲೇಜಿಗೆ ಗಮನಾರ್ಹ ಲಾಭವಿಲ್ಲವೆಂದೇ ಕಂಡಿದೆ. ಕೊಳವೆಬಾವಿಯ ಗಡಸು ನೀರಿನ ಕ್ಯಾಲ್ಸಿಯಂ ಮ್ಯಾಗ್ನೆಟ್ ದಾಟಿದ ಮೇಲೂ ನೀರಿನಲ್ಲೇ ಇರುತ್ತದೆ. ಮೀಟರ್ ಹಿಡಿದು ಮೊದಲೂ ಆಮೇಲೂ ಅಳೆಯಿರಿ, ಅದೇ ಅಂಕಿ ಬರುತ್ತದೆ. ಗಡಸು ಕಳೆಯಲು ಸಾಫ್ಟ್‌ನರ್ ಬೇಕು. ಮಂಡಿಗೆ ಕಟ್ಟಿದ ಉಂಗುರ ಬಿಸಿಯಾಗಿ ಹಿತವಾಗಿದ್ದರೆ ಕಾರಣ ಬಟ್ಟೆಯ ಪಟ್ಟಿ.

ಕರೆಂಟ್ ಮೀಟರಿಗೆ ಇಟ್ಟರೆ ಬಿಲ್ ಕಡಿಮೆಯಾಗುತ್ತದಂತೆ?

ಇಡಬೇಡಿ. ಈಗಿನ ಎಲೆಕ್ಟ್ರಾನಿಕ್ ಮೀಟರ್ ಹತ್ತಿರ ಬಂದ ಕಾಂತಕ್ಷೇತ್ರವನ್ನು ಗುರುತಿಸಿ ದಿನ, ಗಂಟೆ ಸಮೇತ ದಾಖಲಿಸುತ್ತದೆ. 2003ರ ವಿದ್ಯುತ್ ಕಾಯ್ದೆಯ 135ನೇ ಸೆಕ್ಷನ್ ಪ್ರಕಾರ ಅದು ವಿದ್ಯುತ್ ಕಳ್ಳತನ, ಮೂರು ವರ್ಷದವರೆಗೆ ಜೈಲಾಗಬಹುದು.

ಮಕ್ಕಳ ಕೈಗೆ ಕೊಡಬಹುದೇ? ಮನೆಯಲ್ಲಿ ಅಜ್ಜನಿಗೆ ಪೇಸ್‌ಮೇಕರ್ ಇದೆ.

ಬಾಯಿಗೆ ಹಾಕಿಕೊಳ್ಳುವ ವಯಸ್ಸಿನ ಮಕ್ಕಳಿಗೆ ಬೇಡ. ನುಂಗಿದ ಎರಡು ತುಂಡುಗಳು ಕರುಳಿನ ಬೇರೆ ಬೇರೆ ಸುರುಳಿಗಳಲ್ಲಿದ್ದುಕೊಂಡು ಪರಸ್ಪರ ಕಚ್ಚಿಕೊಂಡರೆ ನಡುವಿನ ಕರುಳು ತೂತಾಗಬಹುದು. ಸಂಶಯ ಬಂದ ತಕ್ಷಣ ಆಸ್ಪತ್ರೆಗೆ ಹೋಗಬೇಕು, ನಾಳೆ ನೋಡೋಣ ಎನ್ನಬಾರದು. ಪೇಸ್‌ಮೇಕರ್ ಇರುವವರ ಎದೆಯಿಂದ ಅಯಸ್ಕಾಂತ ಕನಿಷ್ಠ 15 ಸೆಂಟಿಮೀಟರ್ ದೂರವಿರಲಿ, ಕೈಯಲ್ಲಿ ದೊಡ್ಡ ಸ್ಪೀಕರ್ ಇದ್ದರೆ ಇನ್ನೂ ದೂರ. ಇನ್ನೊಂದು ಮಾತು: ಉಂಗುರದ ಆಸೆಗೆ ಹಾಳಾದ ಮೈಕ್ರೋವೇವ್ ಒಲೆಯನ್ನು ಬಿಚ್ಚಬೇಡಿ. ಮ್ಯಾಗ್ನೆಟ್ರಾನಿನಲ್ಲಿ ಚೆಂದದ ಎರಡು ಉಂಗುರಗಳಿರುವುದು ನಿಜ. ಪಕ್ಕದಲ್ಲೇ ಪ್ಲಗ್ ಕಿತ್ತ ಮೇಲೂ ಎರಡು ಸಾವಿರ ವೋಲ್ಟ್ ಹಿಡಿದಿಟ್ಟುಕೊಳ್ಳಬಲ್ಲ ಕೆಪಾಸಿಟರ್ ಇದೆ. ಅದು ಕೊಲ್ಲುತ್ತದೆ.

## ರಿಪೇರಿಯ ಮೇಜಿನ ಮೇಲೆ

ಉಂಗುರ ಬಿದ್ದು ಎರಡು ಹೋಳಾಯಿತು. ಜೋಡಿಸಲು ಹೋದರೆ ಒಂದನ್ನೊಂದು ತಳ್ಳುತ್ತವೆ. ಏನಾಯಿತು ಇದಕ್ಕೆ?

ಇದ್ದದ್ದು ಇದ್ದ ಹಾಗೇ ಇದೆ. ಮುರಿಯುವ ಮೊದಲೂ ಆ ಎರಡು ಅರ್ಧಗಳು ಒಂದನ್ನೊಂದು ತಳ್ಳುತ್ತಲೇ ಇದ್ದವು, ಸೆರಾಮಿಕ್ಕಿನ ಗಟ್ಟಿತನ ಹಿಡಿದಿಟ್ಟಿತ್ತು. ಎರಡು ಹೋಳಿಗೂ ಮೇಲಿನ ಮುಖ ಉತ್ತರ, ಕೆಳಗಿನದು ದಕ್ಷಿಣ. ಪಕ್ಕಪಕ್ಕ ಇಟ್ಟಾಗ ಉತ್ತರದ ಪಕ್ಕ ಉತ್ತರ ಬರುತ್ತದೆ, ತಳ್ಳದೆ ಇನ್ನೇನು? ಒಂದು ಹೋಳನ್ನು ಮಗುಚಿದರೆ ಓಡಿ ಬಂದು ಅಂಟುತ್ತದೆ, ಆದರೆ ಹಾಗೆ ಅಂಟಿಸಿದ ಉಂಗುರ ಸ್ಪೀಕರಿಗೆ ನಿಷ್ಪ್ರಯೋಜಕ: ಒಂದರ್ಧದ ಕೆಲಸವನ್ನು ಇನ್ನೊಂದರ್ಧ ಅಳಿಸಿಹಾಕುತ್ತದೆ.

ಸರಿಪಡಿಸುವ ಬಗೆ ಹೀಗೆ. ದಪ್ಪ ಕಬ್ಬಿಣದ ತಟ್ಟೆಯೊಂದನ್ನು ಮೇಜಿನ ಮೇಲಿಡಿ, ಮೇಲೆ ಕಾಗದ ಹಾಸಿ. ಎರಡೂ ಹೋಳುಗಳನ್ನು ಒಂದೇ ಮುಖ ಮೇಲಿರುವಂತೆ ತಟ್ಟೆಗೆ ಕಚ್ಚಿಸಿ. ತಟ್ಟೆಯ ಹಿಡಿತದಲ್ಲಿ ತಳ್ಳಾಟ ಬಹಳಷ್ಟು ತಣ್ಣಗಾಗುತ್ತದೆ. ಮುರಿದ ಮುಖಗಳಿಗೆ ಎರಡು ಟ್ಯೂಬಿನ ಎಪಾಕ್ಸಿ ಹಚ್ಚಿ, ಜಾರಿಸಿ ಸೇರಿಸಿ, ಸುತ್ತ ಹೋಸ್ ಕ್ಲಿಪ್ ಬಿಗಿದು ಒಂದು ದಿನ ಬಿಡಿ. ಸ್ಪೀಕರಿನೊಳಗೇ ಬಿರುಕು ಬಿಟ್ಟು, ತುಂಡುಗಳು ತಟ್ಟೆಗಳ ನಡುವೆ ಕದಲದೆ ಇದ್ದರೆ ಮುಟ್ಟದೆ ಬಿಡಿ. ಕಾಂತರೇಖೆಗಳು ಮುಖದಿಂದ ಮುಖಕ್ಕೆ ಹರಿಯುತ್ತವೆ, ಬಿರುಕು ಅವುಗಳ ದಾರಿಗೆ ಅಡ್ಡವಾಗಿಲ್ಲ.

ತೂತು ದೊಡ್ಡದು ಮಾಡಲು ಡ್ರಿಲ್ ಹಾಕಬಹುದೇ?

ಡ್ರಿಲ್ ಬಿಟ್ ಮೊಂಡಾಗುತ್ತದೆ, ಉಂಗುರ ಚೂರಾಗುತ್ತದೆ. ಇದನ್ನು ವಜ್ರದ ಹರಳು ಕೂಡಿಸಿದ ಚಕ್ರದಲ್ಲಿ, ನೀರು ಹಾಯಿಸುತ್ತ ಉಜ್ಜಬೇಕು. ಬೇಕಾದ ಅಳತೆಯದನ್ನು ಕೊಳ್ಳುವುದೇ ಲೇಸು, ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ಅಳತೆಗೊಂದು ಸಿಗುತ್ತದೆ.

ಸ್ಪೀಕರಿನ ಹಿಂದೆ ಇನ್ನೊಂದು ಉಂಗುರ ಅಂಟಿಸಿದರೆ ಬಾಸ್ ಹೆಚ್ಚುತ್ತದೆಯೇ?

ಈ ನಂಬಿಕೆಗೆ ಬಹಳ ಜನ ಭಕ್ತರಿದ್ದಾರೆ. ಹಿಂದೆ ಉಲ್ಟಾ ಧ್ರುವದಲ್ಲಿ ಎರಡನೇ ಉಂಗುರ ಅಂಟಿಸುವ ಪದ್ಧತಿ ಕಾರ್ಖಾನೆಗಳಲ್ಲೂ ಇತ್ತು. ಆದರೆ ಅದು ಬಾಸಿಗಲ್ಲ, ಪಿಕ್ಚರ್ ಟ್ಯೂಬ್ ಟೀವಿಯ ಬಣ್ಣ ಕೆಡದಂತೆ ಹೊರಗೆ ಸೋರುವ ಕ್ಷೇತ್ರವನ್ನು ತಡೆಯಲು. ಜೊತೆಗೆ ಕೋನನ್ನು ಆಡಿಸುವ ಕಾಯಿಲ್ ಕೂರುವ ಸಂದಿನಲ್ಲಿ ಕ್ಷೇತ್ರ ಸ್ವಲ್ಪ ಹೆಚ್ಚುತ್ತದೆ. ಕ್ಷೇತ್ರ ಹೆಚ್ಚಿದರೆ ಕೋನಿನ ಮೇಲೆ ಹಿಡಿತ ಹೆಚ್ಚುತ್ತದೆ, ಒಟ್ಟು ಸದ್ದು ಒಂದಿಷ್ಟು ಏರುತ್ತದೆ, ಗುಂಯ್‌ಗುಡುವ ಬಾಸ್ ಇನ್ನೂ ಬಿಗಿಯಾಗಿ ಕಡಿಮೆಯೇ ಕೇಳಿಸಬಹುದು. ಬಾಸ್ ಬೇಕಿದ್ದರೆ ಪೆಟ್ಟಿಗೆಯ ಗಾತ್ರ ನೋಡಿ.

ಬಿಸಿಲಿನ ಕಾರಿನಲ್ಲಿ ಇಟ್ಟರೆ ಮ್ಯಾಗ್ನೆಟ್ ಸಾಯುತ್ತದೆಯೇ? ಹಳತಾದರೆ?

ಕಾರಿನ ಬಿಸಿಗೆ ಏನೂ ಆಗದು. 20 ಡಿಗ್ರಿಯಿಂದ 100 ಡಿಗ್ರಿಗೆ ಕಾಯಿಸಿದರೆ ಬಲ ನೂರಕ್ಕೆ ಹದಿನಾರರಷ್ಟು ಇಳಿಯುತ್ತದೆ, ತಣ್ಣಗಾದರೆ ಮರಳಿ ಬರುತ್ತದೆ. ಪೂರ್ತಿ ಕಳೆದುಹೋಗಲು 450 ಡಿಗ್ರಿಯ ಬೆಂಕಿ ಬೇಕು. ವಯಸ್ಸಿನಿಂದ ಆಗುವ ನಷ್ಟ ಲೆಕ್ಕಕ್ಕಿಲ್ಲ. ಹಳೆಯ ಸ್ಪೀಕರಿನ ಸದ್ದು ಕುಗ್ಗಿದ್ದರೆ ಮ್ಯಾಗ್ನೆಟ್ಟನ್ನು ದೂರಬೇಡಿ. ಕೋನಿನ ಸುತ್ತಿನ ಫೋಮ್ ಹರಿದಿರುತ್ತದೆ ಅಥವಾ ಕಾಯಿಲ್ ಸುಟ್ಟಿರುತ್ತದೆ.

ಎಲ್ಲ ಅಯಸ್ಕಾಂತಗಳೂ ಬಿಸಿಗೆ ಹೆದರಿದರೆ ಫೆರೈಟ್ ಹೆದರುವುದು ಚಳಿಗೆ. ತಣ್ಣಗಾದಂತೆ ಅದರ ಬಲ ಏರುತ್ತದೆ, ಆದರೆ ಕಾಂತತ್ವ ಅಳಿಸುವ ಎದುರು ಕ್ಷೇತ್ರವನ್ನು ತಾಳಿಕೊಳ್ಳುವ ಶಕ್ತಿ ಇಳಿಯುತ್ತದೆ. ಸೊನ್ನೆಗಿಂತ ಬಹಳ ಕೆಳಗಿನ ಚಳಿಯಲ್ಲಿ ಮೋಟಾರಿಗೆ ಒಮ್ಮೆಲೇ ಭಾರಿ ಕರೆಂಟ್ ಹರಿಸಿದರೆ ಸ್ವಲ್ಪ ಕಾಂತತ್ವ ಕಾಯಂ ಆಗಿ ಹೋಗಬಹುದು. ಲಡಾಖಿಗೆ ಹೋಗುವ ವಾಹನದ ಮೋಟಾರ್ ವಿನ್ಯಾಸ ಮಾಡುವವರಿಗೆ ಇದು ತಲೆನೋವು, ಮಂಡ್ಯದವರಿಗಲ್ಲ.

## ಕಾರ್ಖಾನೆ, ಗಿರಣಿ, ಕೊಟ್ಟಿಗೆ

ಇದನ್ನು ಹೇಗೆ ತಯಾರಿಸುತ್ತಾರೆ?

ಉಕ್ಕಿನ ಕಾರ್ಖಾನೆಯಲ್ಲಿ ತಗಡುಗಳ ತುಕ್ಕನ್ನು ಆಮ್ಲದಲ್ಲಿ ತೊಳೆಯುತ್ತಾರೆ. ಆ ಆಮ್ಲವನ್ನು ಮರಳಿ ಪಡೆಯುವಾಗ ಉಳಿಯುವ ಕೆಂಪು ಪುಡಿಯೇ ಇಲ್ಲಿಯ ಮುಖ್ಯ ಕಚ್ಚಾವಸ್ತು. ಅದಕ್ಕೆ ಸ್ಟ್ರಾನ್ಷಿಯಂ ಕಾರ್ಬೊನೇಟ್ ಬೆರೆಸುತ್ತಾರೆ. ದೀಪಾವಳಿಯ ಕೆಂಪು ಮತಾಪಿಗೆ ಬಣ್ಣ ಕೊಡುವುದೂ ಇದೇ ಸ್ಟ್ರಾನ್ಷಿಯಂ. ಬೆರಕೆಯನ್ನು 1,200 ಡಿಗ್ರಿಗಿಂತ ಹೆಚ್ಚು ಬಿಸಿಯಲ್ಲಿ ಸುಟ್ಟು ಫೆರೈಟ್ ಮಾಡಿ, ಒಂದು ಮೈಕ್ರಾನ್ ಆಸುಪಾಸಿಗೆ ನೀರಿನಲ್ಲಿ ಅರೆಯುತ್ತಾರೆ. ದೋಸೆ ಹಿಟ್ಟಿನಂಥ ಆ ಕೆಸರನ್ನು ಅಚ್ಚಿಗೆ ಹೊಯ್ದು, ಪ್ರಬಲ ಕಾಂತಕ್ಷೇತ್ರದ ನಡುವೆ ಒತ್ತುತ್ತಾರೆ. ಒತ್ತುವಾಗ ಕಣಗಳೆಲ್ಲ ಒಂದೇ ದಿಕ್ಕಿಗೆ ಮುಖ ಮಾಡಿ ಮಲಗುತ್ತವೆ. ಈ ಹೆಜ್ಜೆಯೇ ಗುಣ ನಿರ್ಧರಿಸುವುದು: ಕ್ಷೇತ್ರವಿಲ್ಲದೆ ಒಣಗಿಸಿ ಒತ್ತಿದ ಅಗ್ಗದ ಉಂಗುರದ ಬಲ 0.2 ಟೆಸ್ಲಾ ಇದ್ದರೆ, ಸಾಲಾಗಿ ಮಲಗಿಸಿದ್ದರದು 0.4ರ ಹತ್ತಿರ.

ಮತ್ತೆ ಸುಡುತ್ತಾರೆ. ಒಲೆಯಲ್ಲಿ ಉಂಗುರ ಗಣನೀಯವಾಗಿ ಕುಗ್ಗುತ್ತದೆ, ಅದಕ್ಕೇ ಅಳತೆ ನಿಖರವಾಗಿ ಬೇಕಾದ ಮುಖಗಳನ್ನು ವಜ್ರದ ಚಕ್ರದಲ್ಲಿ ಉಜ್ಜುವುದು. ನಿಮ್ಮ ಉಂಗುರವನ್ನು ನೋಡಿ: ಚಪ್ಪಟೆ ಮುಖಗಳು ನಯವಾಗಿ ಮಿನುಗುತ್ತವೆ, ಸುತ್ತಂಚು ಒಲೆಯಿಂದ ಬಂದ ಹಾಗೇ ಮಂಕಾಗಿದೆ.

ಇಷ್ಟಾದರೂ ಅದು ಇನ್ನೂ ಮ್ಯಾಗ್ನೆಟ್ ಆಗಿಲ್ಲ ಎನ್ನುತ್ತಾರಲ್ಲ?

ಆಗಿಲ್ಲ, ಅದೇ ಅನುಕೂಲ. ಜಡ ಉಂಗುರವನ್ನು ಸಾಗಿಸುವುದು, ಜೋಡಿಸುವುದು ಸುಲಭ. ಕಬ್ಬಿಣದ ಚೂರು ಅಂಟುವುದಿಲ್ಲ. ಸ್ಪೀಕರನ್ನು ತಟ್ಟೆ, ಕಂಬ ಸಮೇತ ಪೂರ್ತಿ ಜೋಡಿಸಿ, ದೊಡ್ಡ ಕಾಯಿಲಿನ ನಡುವೆ ಇಟ್ಟು, ಕೆಪಾಸಿಟರುಗಳ ಕರೆಂಟನ್ನು ಮಿಲಿಸೆಕೆಂಡುಗಳಲ್ಲಿ ಹರಿಸುತ್ತಾರೆ. ಒಂದು ಪಟ್ಟೆಂಬ ಸದ್ದಿಗೆ ಕೆಲಸ ಮುಗಿಯುತ್ತದೆ. ಕಾಯಿಲ್ ಯಾವ ಆಕಾರದ್ದೋ ಧ್ರುವಗಳೂ ಹಾಗೇ: ಮುಖದಿಂದ ಮುಖಕ್ಕೆ, ವ್ಯಾಸಕ್ಕೆ ಅಡ್ಡಲಾಗಿ, ಅಥವಾ ಸುತ್ತಂಚಿನಲ್ಲಿ ನಾಲ್ಕು, ಎಂಟು, ಇಪ್ಪತ್ತನಾಲ್ಕು.

ಕಡಿಮೆ ಕರೆಂಟಿನ ಬಿಎಲ್‌ಡಿಸಿ ಫ್ಯಾನಿನಲ್ಲಿ ಇದೇ ಮ್ಯಾಗ್ನೆಟ್ಟೇ?

ಸಾಮಾನ್ಯವಾಗಿ ಹೌದು. ಹಳೆಯ ಫ್ಯಾನ್ 75 ವ್ಯಾಟಿನ ಸುಮಾರಿಗೆ ತಿನ್ನುತ್ತಿತ್ತು, ಏಕೆಂದರೆ ತಿರುಗುವ ಭಾಗದಲ್ಲಿ ಕಾಂತತ್ವ ಹುಟ್ಟಿಸಲಿಕ್ಕೇ ಕರೆಂಟ್ ಬೇಕಿತ್ತು. ಬಿಎಲ್‌ಡಿಸಿಯಲ್ಲಿ ಆ ಕೆಲಸವನ್ನು ಒಳಸುತ್ತಿನಲ್ಲಿ ಕೂರಿಸಿದ ಫೆರೈಟ್ ಪುಕ್ಕಟೆ ಮಾಡುತ್ತದೆ, 28ರಿಂದ 35 ವ್ಯಾಟಿನಲ್ಲಿ ಅಷ್ಟೇ ಗಾಳಿ ಬರುತ್ತದೆ. 2023ರ ಜನವರಿಯಿಂದ ಸೀಲಿಂಗ್ ಫ್ಯಾನಿಗೆ ಸ್ಟಾರ್ ಗುರುತು ಕಡ್ಡಾಯವಾದ ಮೇಲೆ ಇವುಗಳ ಓಟ ಜೋರಾಗಿದೆ. ಫ್ಯಾನಿನ ಹೊಟ್ಟೆ ಅಗಲವಾಗಿರುವುದರಿಂದ ಸಾಕಷ್ಟು ಫೆರೈಟ್ ತುಂಬಲು ಜಾಗವಿದೆ, ನಿಯೋಡಿಮಿಯಂ ಬೇಕೇ ಇಲ್ಲ.

ನಮ್ಮ ಅಕ್ಕಿ ಗಿರಣಿಯಲ್ಲಿ ಮೊಳೆ, ತಂತಿ ಹಿಡಿಯಲು ಫೆರೈಟ್ ಸಾಕೇ?

ಮೊಳೆ, ನಟ್ಟು, ಬೋಲ್ಟು, ಚೀಲ ಹೊಲಿದ ತಂತಿಯ ತುಂಡಿಗೆ ಫೆರೈಟ್ ತಟ್ಟೆ ಧಾರಾಳವಾಗಿ ಸಾಕು. ಅದರ ಕ್ಷೇತ್ರ ಕಡಿಮೆಯಾದರೂ ದಪ್ಪ ಮ್ಯಾಗ್ನೆಟ್ ದೂರದವರೆಗೆ ಚಾಚುತ್ತದೆ. ಯಂತ್ರ ಸವೆದು ಉದುರುವ ಧೂಳಿನಂಥ ಕಬ್ಬಿಣಕ್ಕೆ ಮಾತ್ರ ನಿಯೋಡಿಮಿಯಂ ಸರಳುಗಳ ಜಾಲರಿ ಬೇಕು. ಎರಡನ್ನೂ ಒಂದರ ಹಿಂದೆ ಒಂದು ಹಾಕುವುದು ಒಳ್ಳೆಯದು. ಯಾವುದನ್ನೇ ಹಾಕಿ, ದಿನಾ ಒರೆಸಿ. ತುಂಬಿದ ಮ್ಯಾಗ್ನೆಟ್ಟಿನಿಂದ ಹಿಡಿದ ಮೊಳೆ ಮತ್ತೆ ಅಕ್ಕಿಗೇ ಬೀಳುತ್ತದೆ.

ಹಸುವಿಗೆ ಮ್ಯಾಗ್ನೆಟ್ ನುಂಗಿಸುತ್ತಾರಂತೆ, ನಿಜವೇ?

ನಿಜ. ಹಸು ಮೇವಿನ ಜೊತೆ ತಂತಿ, ಮೊಳೆ ನುಂಗಿದರೆ ಅವು ಎರಡನೇ ಹೊಟ್ಟೆಯಲ್ಲಿ ನಿಲ್ಲುತ್ತವೆ. ಅಲ್ಲಿಂದ ಹೃದಯ ಬಹಳ ಹತ್ತಿರ. ಚೂಪು ತುದಿ ಗೋಡೆ ದಾಟಿ ಹೃದಯದ ಚೀಲಕ್ಕೇ ಚುಚ್ಚಬಹುದು. ಪಶುವೈದ್ಯರು ಬೆರಳುದ್ದದ ನುಣುಪಾದ ಅಯಸ್ಕಾಂತವನ್ನು ನುಂಗಿಸಿದರೆ ಅದು ಅದೇ ಹೊಟ್ಟೆಯಲ್ಲಿ ಹಸುವಿನ ಆಯುಸ್ಸು ಪೂರ್ತಿ ಇದ್ದು ಕಬ್ಬಿಣವನ್ನು ಹಿಡಿದಿಟ್ಟುಕೊಳ್ಳುತ್ತದೆ. ಸಣ್ಣ ಫೆರೈಟ್ ಉಂಗುರಗಳ ನಡುವೆ ಉಕ್ಕಿನ ಬಿಲ್ಲೆ ಇಟ್ಟು ಪೋಣಿಸಿದ ಮಾದರಿಯೂ ಇದೆ. ಸ್ಪೀಕರಿನ ಉಂಗುರ ಕಿತ್ತು ನೀವೇ ನುಂಗಿಸಲು ಹೋಗಬೇಡಿ, ಅಂಚು ಒಡೆದರೆ ಅದೇ ಚುಚ್ಚುತ್ತದೆ.

## ಲೆಕ್ಕ ಬಲ್ಲವರಿಗೆ

ಫೆರೈಟ್ ಬಲ 0.4 ಟೆಸ್ಲಾ ಎನ್ನುತ್ತೀರಿ. ಸ್ಪೀಕರ್ ಸಂದಿನಲ್ಲಿ 1 ಟೆಸ್ಲಾ ಹೇಗೆ ಬರುತ್ತದೆ?

ಕ್ಷೇತ್ರಫಲದಿಂದ. ಹೊರವ್ಯಾಸ 100 ಮಿ.ಮೀ., ತೂತು 60 ಮಿ.ಮೀ. ಇರುವ ಉಂಗುರದ ಮುಖ ಸುಮಾರು 5,000 ಚದರ ಮಿ.ಮೀ. ಆಯಿತು. ಕಾಂತಪ್ರವಾಹ ಅಲ್ಲಿಂದ ಹೊರಟು ಉಕ್ಕಿನ ತಟ್ಟೆಗಳ ಮೂಲಕ ನಡುಗಂಬದ ಸುತ್ತಲಿನ ಸಣ್ಣ ಸಂದಿಗೆ ಬರುತ್ತದೆ. ಕಂಬ 25 ಮಿ.ಮೀ., ಮೇಲಿನ ತಟ್ಟೆ 6 ಮಿ.ಮೀ. ದಪ್ಪ ಎಂದರೆ ಸಂದಿನ ಮೈ 470 ಚದರ ಮಿ.ಮೀ. ಮಾತ್ರ, ಹತ್ತು ಪಟ್ಟಿಗಿಂತಲೂ ಕಿರಿದು. ಅರ್ಧಕ್ಕಿಂತ ಹೆಚ್ಚು ಪ್ರವಾಹ ದಾರಿಯಲ್ಲಿ ಸೋರಿಹೋದರೂ ಉಳಿದದ್ದು 1 ಟೆಸ್ಲಾ ಕೊಡುತ್ತದೆ. ಫೆರೈಟ್ ಅಗಲವಾಗಿಯೇ ಇರಬೇಕಾದ ಕಾರಣ ಇದು. ಅಲ್ನಿಕೊ ಕಾಲದ ಸ್ಪೀಕರುಗಳ ಉದ್ದನೆಯ ಗೂಡಿನಂಥ ಬೆನ್ನು ಹೋಗಿ ಅಗಲವಾದ ತಟ್ಟೆಯಂಥ ಬೆನ್ನು ಬಂದದ್ದೂ ಇದರಿಂದಲೇ.

ಸಿ5, ಸಿ8, ವೈ30 ಎಂದು ಬರೆದಿರುತ್ತದೆ. ಯಾವುದನ್ನು ಕೊಳ್ಳಲಿ?

ಸಿ ಎಂಬುದು ಅಮೆರಿಕದ ಗುರುತು, ವೈ ಚೀನಾದ್ದು. ಸಿ1 ಎಂದರೆ ಕಣಗಳು ಸಾಲಾಗಿಲ್ಲದ ಅಗ್ಗದ ಮಾಲು, ಆಟಿಕೆಗೆ ಸಾಕು. ಸಿ5, ವೈ30 ಹೆಚ್ಚುಕಡಿಮೆ ಒಂದೇ, ಸ್ಪೀಕರಿಗೆ ಮತ್ತು ಹಿಡಿಯುವ ಕೆಲಸಕ್ಕೆ ಇವು. ಸಿ8 ಎದುರು ಕ್ಷೇತ್ರವನ್ನು ಇನ್ನೂ ಚೆನ್ನಾಗಿ ತಾಳುತ್ತದೆ, ಮೋಟಾರಿಗೆ ಅದನ್ನು ಹಾಕಿ. ಮಾರುವವನು ಹೇಳುವ ಹಿಡಿತದ ಕಿಲೋ ಲೆಕ್ಕವನ್ನು ದಪ್ಪ, ಸಮತಟ್ಟಾದ, ಬಣ್ಣವಿಲ್ಲದ ಉಕ್ಕಿನ ಮೇಲೆ ನೇರ ಎಳೆದು ಅಳೆದಿರುತ್ತಾರೆ. ನಿಮ್ಮ ತೆಳು ತಗಡಿನ ಬೀರುವಿನ ಮೇಲೆ ಅದರ ಕಾಲುಭಾಗವೂ ಸಿಗದಿರಬಹುದು.

ಲ್ಯಾಪ್‌ಟಾಪ್ ವೈರಿನ ತುದಿಯಲ್ಲಿರುವ ಕಪ್ಪು ಗುಂಡು ಇದೇ ಉಂಗುರವೇ?

ಅದೂ ಫೆರೈಟ್ ಉಂಗುರವೇ, ಆದರೆ ಮೆದು ಫೆರೈಟ್. ತನ್ನದೇ ಕಾಂತತ್ವ ಉಳಿಸಿಕೊಳ್ಳುವುದಿಲ್ಲ, ಮೊಳೆ ಅಂಟುವುದಿಲ್ಲ. ವೈರಿನಲ್ಲಿ ಹರಿದಾಡುವ ಹೆಚ್ಚು ಆವರ್ತದ ಗದ್ದಲವನ್ನು ಹೀರಿ ಬಿಸಿಯಾಗಿ ಕಳೆಯುವುದು ಅದರ ಕೆಲಸ.

ವಿರಳ ಲೋಹಗಳ ಕೊರತೆಗೆ ಫೆರೈಟ್ ಉತ್ತರವಾಗಬಲ್ಲದೇ? ವಿದ್ಯುತ್ ಸ್ಕೂಟರ್ ಓಡಿಸಬಹುದೇ?

2025ರ ಏಪ್ರಿಲಿನಲ್ಲಿ ಚೀನಾ ಏಳು ವಿರಳ ಭೂಧಾತುಗಳು ಮತ್ತು ಅವುಗಳ ಅಯಸ್ಕಾಂತಗಳ ರಫ್ತಿಗೆ ಪರವಾನಗಿ ಕಡ್ಡಾಯ ಮಾಡಿದಾಗ ನಮ್ಮ ವಾಹನ ಕಂಪನಿಗಳಿಗೆ ಬಿಸಿ ಮುಟ್ಟಿತು. ಅದೇ ವರ್ಷ ಬೆಂಗಳೂರಿನ ಓಲಾ ಎಲೆಕ್ಟ್ರಿಕ್ ತನ್ನ ಫೆರೈಟ್ ಮೋಟಾರಿಗೆ ಸರ್ಕಾರಿ ಪ್ರಮಾಣಪತ್ರ ಸಿಕ್ಕಿದೆಯೆಂದು ಪ್ರಕಟಿಸಿತು. ಹಾಗಾಗಿ ಆಗದು ಎನ್ನುವಂತಿಲ್ಲ. ಆದರೆ ಬಲದ ಆ ಹತ್ತು ಪಟ್ಟು ಅಂತರವನ್ನು ಎಲ್ಲಿಂದಲೋ ತುಂಬಬೇಕು: ಹೆಚ್ಚು ಫೆರೈಟ್, ಹೆಚ್ಚು ತಾಮ್ರ, ಹೆಚ್ಚು ವೇಗದಲ್ಲಿ ತಿರುಗಿಸಿ ಗೇರಿನಲ್ಲಿ ಇಳಿಸುವುದು, ಇಲ್ಲವೇ ರೋಟರಿನ ಉಕ್ಕಿನ ಆಕಾರದಿಂದಲೇ ಅರ್ಧ ತಿರುಗುಬಲ ಪಡೆಯುವುದು. ಗಾಲಿಯೊಳಗೇ ಕೂರುವ ಹಬ್ ಮೋಟಾರಿನಲ್ಲಿ ಇದಕ್ಕೆಲ್ಲ ಜಾಗವಿಲ್ಲ, ಸೀಟಿನ ಕೆಳಗೆ ಬೆಲ್ಟ್ ಅಥವಾ ಚೈನಿನಿಂದ ಗಾಲಿ ತಿರುಗಿಸುವ ಮೋಟಾರಿನಲ್ಲಿ ಇದೆ. ಫೆರೈಟಿಗೆ ಒಂದು ಅನುಕೂಲವೂ ಉಂಟು: ಅದರೊಳಗೆ ಕರೆಂಟ್ ಹರಿಯುವುದಿಲ್ಲವಾದ್ದರಿಂದ ವೇಗ ಹೆಚ್ಚಿದಾಗ ನಿಯೋಡಿಮಿಯಂ ತಾನೇ ಕಾಯುವಂತೆ ಇದು ಕಾಯುವುದಿಲ್ಲ. ಸ್ಕೂಟರಿಗೆ, ಆಟೋರಿಕ್ಷಾಕ್ಕೆ ನಾನು ಫೆರೈಟಿನ ಕಡೆ. ಡ್ರೋನಿಗೆ ಅದರ ತೂಕವೇ ಮುಳುವಾಗುತ್ತದೆ.